ನಾಲ್ಕನೆಯ ತೂಬಿನ ಗಂಟೆ

ಟೆಲಿಫೋನ್ ಪೆಟ್ಟಿಗೆಗಳ ಜೊತೆ ಬಂದ ಇಂಗ್ಲಿಷ್ ಪುಸ್ತಕದಲ್ಲಿ, ಮಂಡ್ಯದ ಆಫೀಸಿನಲ್ಲಿ ಇಡಬೇಕಾದ ಯಂತ್ರಕ್ಕೆ ‘ಮಾಸ್ಟರ್’ ಎಂದೂ ನಾಲೆಯುದ್ದಕ್ಕೂ ತೂಬಿನ ಮನೆಗಳಲ್ಲಿ ಇಡಬೇಕಾದವಕ್ಕೆ ‘ಸ್ಲೇವ್’ ಎಂದೂ ಹೆಸರಿಟ್ಟಿದ್ದರು. ಓದಿದ ದಿನ ನನಗೇನೂ ಅನ್ನಿಸಲಿಲ್ಲ. ಒಬ್ಬ ಯಜಮಾನ, ಆರು ಜನ ಆಳುಗಳು, ನಮ್ಮ ಕಡೆ ಹಾಗಿಲ್ಲದ್ದು ಎಲ್ಲಿದೆ ಎಂದುಕೊಂಡು ಪುಟ ತಿರುಗಿಸಿದೆ.

ಇದು ಎಪ್ಪತ್ತಮೂರನೆಯ ಇಸವಿಯ ಮಾತು. ನನ್ನ ಹೆಸರು ಕಸ್ತೂರಿರಂಗ. ಹೊನ್ನಗಟ್ಟೆ ನಾಲೆಯ ಟೆಲಿಫೋನ್ ಮೆಕ್ಯಾನಿಕ್ ಆಗಿದ್ದೆ, ಮನೆ ಗುತ್ತಲಿನಲ್ಲಿತ್ತು. ನಾಲೆ ಮಂಡ್ಯದ ಆಚೆ ಹುಟ್ಟಿ, ಮದ್ದೂರನ್ನು ಬಳಸಿಕೊಂಡು ಮಳವಳ್ಳಿ ಕಡೆಯ ಬಯಲಿಗೆ ಹೋಗಿ ಮುಗಿಯುತ್ತಿತ್ತು. ದಾರಿಯಲ್ಲಿ ಆರು ತೂಬು. ತೂಬಿಗೊಬ್ಬ ನೀರಗಂಟಿ. ಮಂಡ್ಯ ಹೇಳಿದಾಗ ಚಕ್ರ ತಿರುಗಿಸಿ ಬಾಗಿಲು ಎತ್ತುವುದು, ಹೇಳಿದಾಗ ಇಳಿಸುವುದು ಅವನ ಕೆಲಸ.

ಇಡೀ ನಾಲೆಗೆ ಒಂದೇ ಜೋಡಿ ತಂತಿ. ಆರು ಪೆಟ್ಟಿಗೆಗಳೂ ಅದಕ್ಕೇ ಜೋತುಬಿದ್ದಿದ್ದವು. ಎಲ್ಲರೂ ಒಟ್ಟಿಗೆ ಬಾಯಿ ಬಿಟ್ಟರೆ ಸಂತೆಯಾಗುತ್ತದಲ್ಲ, ಅದಕ್ಕೇ ಕಟ್ಟುನಿಟ್ಟು ಮಾಡಿದ್ದರು. ಮಂಡ್ಯ ಕರೆಯಬೇಕು, ಕರೆಸಿಕೊಂಡವನು ಉತ್ತರ ಕೊಡಬೇಕು, ಮಿಕ್ಕವರು ಸುಮ್ಮನಿರಬೇಕು. ತೂಬಿನ ಪೆಟ್ಟಿಗೆಗೆ ಕರೆಯುವ ಗುಂಡಿಯನ್ನೇ ಇಟ್ಟಿರಲಿಲ್ಲ. ಮಂಡ್ಯದ ಕಿವಿ ತೆರೆಯುವುದು ಮಂಡ್ಯ ಕರೆದಾಗ ಮಾತ್ರ. ಏರಿ ಒಡೆದು ನೀರು ಊರಿಗೆ ನುಗ್ಗಿದರೂ ನೀರಗಂಟಿ ಕೂಗುವಂತಿರಲಿಲ್ಲ, ಮಂಡ್ಯಕ್ಕೆ ಅವನ ನೆನಪಾಗುವ ತನಕ ಕಾಯಬೇಕು.

ಪ್ರತಿ ಪೆಟ್ಟಿಗೆಯ ಒಳಗೂ ಒಂದು ಹಿತ್ತಾಳೆಯ ಚಕ್ರ, ಅದರ ಅಂಚಿಗೆ ಸಾಲಾಗಿ ತೂತುಗಳು. ಯಾವ ತೂತಿಗೆ ಪಿನ್ನು ಚುಚ್ಚುತ್ತೇವೋ ಅದೇ ಆ ಪೆಟ್ಟಿಗೆಯ ನಂಬರು. ಮಂಡ್ಯದಲ್ಲಿ ನಾಲ್ಕರ ಕೀಲಿ ತಿರುಗಿಸಿದರೆ ತಂತಿಯ ಮೇಲೆ ನಾಲ್ಕು ಬಡಿತ ಹೋಗುತ್ತವೆ. ಆರೂ ಪೆಟ್ಟಿಗೆಗಳ ಚಕ್ರಗಳು ಒಟ್ಟಿಗೆ ನಾಲ್ಕು ಹೆಜ್ಜೆ ಸರಿದು ನಿಲ್ಲುತ್ತವೆ. ನಿಂತ ಜಾಗದಲ್ಲಿ ಯಾವುದಕ್ಕೆ ಪಿನ್ನು ಇದೆಯೋ ಅದರ ಗಂಟೆ ಹೊಡೆಯುತ್ತದೆ. ಈ ವಿದ್ಯೆ ಇಡೀ ವಿಭಾಗದಲ್ಲಿ ಗೊತ್ತಿದ್ದವನು ನಾನೊಬ್ಬನೇ. ಅದರ ಜಂಬವೂ ನನಗೆ ಧಾರಾಳವಾಗಿತ್ತು.

ಪುಸ್ತಕದಲ್ಲಿ ಇನ್ನೊಂದು ಮಾತಿತ್ತು. ಹೊಸ ಪೆಟ್ಟಿಗೆ ಕೂರಿಸಿದ ಮೇಲೆ ಮೆಕ್ಯಾನಿಕ್ ಅದರ ಎದುರಿಗೇ ನಿಂತಿರಬೇಕು. ಮೊದಲು ಅದರ ನಂಬರನ್ನು ಕರೆಸಿ ಗಂಟೆ ಹೊಡೆಯುತ್ತದೆಯೇ ನೋಡಬೇಕು. ಆಮೇಲೆ ಮಿಕ್ಕ ಐದೂ ನಂಬರುಗಳನ್ನು ಕರೆಸಿ, ಆಗ ಇದು ಬಾಯಿ ಮುಚ್ಚಿಕೊಂಡಿರುತ್ತದೆಯೇ ನೋಡಬೇಕು. ಎರಡನೆಯದು ತಪ್ಪಕೂಡದು ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದರು.

ನಾಲ್ಕನೆಯ ತೂಬು ಮದ್ದೂರು ದಾಟಿ ಮಳವಳ್ಳಿ ರಸ್ತೆಯಿಂದ ಒಂದು ಮೈಲಿ ಒಳಗಿತ್ತು. ಅಲ್ಲಿಯ ನೀರಗಂಟಿ ಪುಟ್ಟಮಾದಯ್ಯ. ತೂಬಿನ ಪಕ್ಕದ ಒಂಟಿ ಕೋಣೆಯಲ್ಲೇ ಹೆಂಡತಿ ಬೀರಮ್ಮನೊಂದಿಗೆ ಸಂಸಾರ. ಮೊದಲ ಸಲ ಪೆಟ್ಟಿಗೆ ಕೂರಿಸಲು ಹೋದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಬೀರಮ್ಮ ಒಂದು ದೊಡ್ಡ ಲೋಟದಲ್ಲಿ ಮಜ್ಜಿಗೆ ತಂದು ಗೋಡೆಯ ಮೇಲಿಟ್ಟು, “ಕುಡೀರಿ ಸ್ವಾಮಿ, ದಣ್ದಿದ್ದೀರಿ” ಎಂದಳು. ಅವರ ಕೈಯಲ್ಲಿ ಕುಡಿಯುವ ಪದ್ಧತಿ ನಮ್ಮಲ್ಲಿರಲಿಲ್ಲ. ಕುಡಿಯುವುದಿಲ್ಲ ಎಂದು ಹೇಳುವ ಧೈರ್ಯವೂ ನನಗಿರಲಿಲ್ಲ. ಅವಳು ಒಳಗೆ ಹೋದದ್ದು ನೋಡಿ, ಕೋಣೆಯ ಹಿಂದಕ್ಕೆ ಹೋಗಿ ಮಜ್ಜಿಗೆಯನ್ನು ಕಳ್ಳಿಯ ಬುಡಕ್ಕೆ ಸುರಿದೆ.

ತಿರುಗಿ ನೋಡಿದರೆ ಬೀರಮ್ಮ ನಿಂತಿದ್ದಳು. ಅವಳ ಅಂಗೈಯಲ್ಲಿ ನಾಲ್ಕು ಹರಳು ಉಪ್ಪಿತ್ತು. ಮಜ್ಜಿಗೆಗೆ ಉಪ್ಪು ಹಾಕುವುದು ಮರೆತು, ಕೊಡಲು ಬಂದಿದ್ದಳು.

“ಅಯ್ಯೋ ಬುಡಿ ಸ್ವಾಮಿ, ಉಳಿಯಾಗಿತ್ತು ಅಂತ ಕಾಣ್ತದೆ” ಎಂದಳು. ಬೈದಿದ್ದರೆ ಚೆನ್ನಾಗಿತ್ತು. ನನ್ನ ಮಾನ ಉಳಿಸಲು ಅವಳೇ ಸುಳ್ಳು ಹೇಳಿಕೊಟ್ಟಳಲ್ಲ, ಅದು ನನಗೆ ತಡೆಯಲಾಗಲಿಲ್ಲ. ಆಮೇಲೆ ನಾಲ್ಕನೆಯ ತೂಬಿಗೆ ಹೋಗುವ ಕೆಲಸ ಬಂದಾಗಲೆಲ್ಲ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ.

ಆ ವರ್ಷ ಬೇಸಿಗೆಯಲ್ಲಿ ಎಂದಿನಂತೆ ನಾಲೆ ಬಂದ್ ಮಾಡಿದರು. ಮೇ ತಿಂಗಳ ಕೊನೆಯ ಮಳೆಯಲ್ಲಿ ನಾಲ್ಕನೆಯ ತೂಬಿನ ಕಂಬಕ್ಕೆ ಸಿಡಿಲು ಬಡಿದು ಪೆಟ್ಟಿಗೆ ಸುಟ್ಟುಹೋಯಿತು. ಬಂದಾದ ನಾಲೆಗೆ ಯಾರೂ ಫೋನ್ ಮಾಡುವುದಿಲ್ಲವಾದ್ದರಿಂದ ನಾನೂ ಆತುರಪಡಲಿಲ್ಲ. ನೀರು ಬಿಡಲು ಮೂರು ದಿನ ಇದೆ ಎನ್ನುವಾಗ ಬೀರುವಿನಿಂದ ಮಿಕ್ಕಿದ್ದ ಪೆಟ್ಟಿಗೆಯನ್ನು ಈಚೆಗೆ ತೆಗೆದೆ. ಅದರ ಚಕ್ರದಲ್ಲಿ ಹಿಂದೆ ಯಾವಾಗಲೋ ಪರೀಕ್ಷೆಗೆಂದು ಐದರ ತೂತಿಗೆ ಚುಚ್ಚಿದ್ದ ಪಿನ್ನು ಹಾಗೇ ಇತ್ತು, ಕಿಲುಬು ಹಿಡಿದು ಕಚ್ಚಿಕೊಂಡಿತ್ತು. ಎಳೆದೆ, ಬರಲಿಲ್ಲ. ತೂಬಿಗೆ ಹೋದಾಗ ಸಾವಕಾಶವಾಗಿ ಕಿತ್ತರಾಯಿತು ಎಂದುಕೊಂಡು ನಾಲ್ಕರ ತೂತಿಗೆ ಹೊಸ ಪಿನ್ನು ಚುಚ್ಚಿ ಮುಚ್ಚಳ ಹಾಕಿದೆ.

ಮಾರನೆಯ ಬೆಳಿಗ್ಗೆ ಪೆಟ್ಟಿಗೆ ಹಿಡಿದು ಬಸ್ ನಿಲ್ದಾಣಕ್ಕೆ ಹೋದವನು ಬಸ್ಸು ಹತ್ತಲಿಲ್ಲ. ಬೀರಮ್ಮ ಮತ್ತೆ ಮಜ್ಜಿಗೆ ತರುತ್ತಾಳೆ. ಅಥವಾ ತರುವುದಿಲ್ಲ. ಎರಡರಲ್ಲಿ ಯಾವುದಾದರೂ ಅವಳ ಮುಖ ನೋಡಬೇಕಲ್ಲ ಎನ್ನಿಸಿತು. ಮಳವಳ್ಳಿ ಬಸ್ಸಿನ ಕಂಡಕ್ಟರ್ ಕೆಂಪಯ್ಯ ಗುರುತಿನವನು. ಮಂಡ್ಯದಿಂದ ಮಳವಳ್ಳಿಯ ತನಕ ಔಷಧಿ, ಲಗ್ನಪತ್ರಿಕೆ, ಹೊಲಿಗೆ ಬಟ್ಟೆ ಎಲ್ಲವೂ ಅವನ ಕೈಯಲ್ಲೇ ಹೋಗುತ್ತಿದ್ದವು. ಅವನ ಕೈಗೆ ಪೆಟ್ಟಿಗೆ ಕೊಟ್ಟೆ.

“ತೂಬಿನ್ ಕೈಮರದತ್ರ ಪುಟ್ಟಮಾದಯ್ಯಂಗೆ ತಾನೆ? ಕೊಡ್ತೀನಿ ಬುಡಿ ಸ್ವಾಮಿ” ಎಂದು ಅದನ್ನು ಡ್ರೈವರ್ ಸೀಟಿನ ಹಿಂದೆ ಇಟ್ಟ.

ಎರಡು ತಂತಿ ಸೇರಿಸಿ ತಿರುಪು ಬಿಗಿಯುವುದು ಪುಟ್ಟಮಾದಯ್ಯನಿಗೆ ಬರುತ್ತಿತ್ತು. ಮಧ್ಯಾಹ್ನ ನಾನು ಮಂಡ್ಯದಿಂದ ನಾಲ್ಕರ ಕೀಲಿ ತಿರುಗಿಸಿದೆ. “ಬಂತು ಸ್ವಾಮಿ, ಗಂಟೆ ಬಂತು!” ಎಂದು ಹಿಗ್ಗಿನಿಂದ ಕೂಗಿದ. ಅಲ್ಲಿಗೆ ಕೈತೊಳೆದುಕೊಂಡೆ. ಮಿಕ್ಕ ನಂಬರುಗಳನ್ನು ಕರೆದು ನೋಡಲಿಲ್ಲ. ಐದರ ಪಿನ್ನು ಒಳಗೇ ಇದೆ ಎಂದು ನೆನಪಿತ್ತೇ ಎಂದು ಯಾರಾದರೂ ಕೇಳಿದರೆ, ನೆನಪಿತ್ತು. ಮುಂದಿನ ವಾರ ಹೋಗಿ ಕಿತ್ತರಾಯಿತು ಎಂದುಕೊಂಡಿದ್ದೆ. ದಿನಚರಿ ಪುಸ್ತಕದಲ್ಲಿ ‘ಸ್ಥಳದಲ್ಲಿ ನಿಂತು ಪರೀಕ್ಷಿಸಿದೆ, ಸರಿಯಾಗಿದೆ’ ಎಂದು ಬರೆದು ಸಹಿ ಮಾಡಿದೆ.

ಐದನೆಯ ತೂಬು ನಾಲ್ಕರಿಂದ ಒಂದೂವರೆ ಮೈಲಿ ಕೆಳಗೆ. ಅಲ್ಲಿ ನಾಲೆ ಒಂದು ಹಳ್ಳದ ಅಡಿಯಲ್ಲಿ ಸುರಂಗವಾಗಿ ನುಸುಳಿ ಆಚೆ ದಡದಲ್ಲಿ ಮೇಲೇಳುತ್ತದೆ. ಪ್ರತಿ ವರ್ಷ ಬಂದ್ ಮಾಡಿದಾಗ ಕೂಲಿಯಾಳುಗಳು ಒಳಗೆ ಇಳಿದು, ಬಾಗಿಕೊಂಡು, ಕತ್ತಲಲ್ಲಿ ಹೂಳು ಹೊರುತ್ತಾರೆ. ಆ ಸಲ ಹೂಳು ಜಾಸ್ತಿಯಾಗಿ ಕೆಲಸ ಹಿಂದೆ ಬಿದ್ದಿತ್ತು. ಹದಿನಾಲ್ಕು ಜನ ಇಳಿಯುತ್ತಿದ್ದರು. ಅವರಲ್ಲಿ ಬೀರಮ್ಮನೂ ಇದ್ದಳೆಂದು ನನಗೆ ಆಗ ಗೊತ್ತಿರಲಿಲ್ಲ.

ನೀರು ಬಿಡುವ ದಿನ ಬಂತು. ಹಿಂದಿನ ದಿನವೇ ನಾಲ್ಕರ ತನಕ ನೀರು ಬಿಟ್ಟು, ಆ ಬಾಗಿಲಿಗೆ ಒತ್ತಿ ನಿಲ್ಲಿಸಿದ್ದರು. ಬೆಳಿಗ್ಗೆ ಹತ್ತು ಗಂಟೆಗೆ ಎಂಜಿನಿಯರ್ ವೆಂಕಟೇಶಮೂರ್ತಿಗಳು ಕೈಗಡಿಯಾರ ನೋಡುತ್ತ ನಿಂತರು. ಕರೆಯುವ ಗುಮಾಸ್ತ ಚಲುವನಾರಾಯಣ ಕೀಲಿಗಳ ಮುಂದೆ ಕೂತ. ನಾನು ಪಕ್ಕದಲ್ಲಿದ್ದೆ. ತೂಬಿನವರು ಆಡುವ ಮಾತು ಮೇಜಿನ ಮೇಲಿನ ಧ್ವನಿಪೆಟ್ಟಿಗೆಯಲ್ಲಿ ಎಲ್ಲರಿಗೂ ಕೇಳುತ್ತಿತ್ತು. ನಾಲ್ಕು, ಐದು, ಆರು, ಮೂರೂ ಕಡೆಯಿಂದ ‘ಖಾಲಿ’ ಎಂದರೆ, ಅಂದರೆ ನಾಲೆಯೊಳಗೆ ಯಾರೂ ಇಲ್ಲ ಎಂದರೆ, ಆಗ ನಾಲ್ಕರ ಬಾಗಿಲು ಎತ್ತಿಸುವುದು ಕ್ರಮ.

ನಾಲ್ಕನ್ನು ಕರೆದ. “ಖಾಲಿನಾ?”

“ಕಾಲಿ ಸ್ವಾಮಿ, ಕಾಲಿ.” ಪುಟ್ಟಮಾದಯ್ಯ ಯಾವ ಮಾತನ್ನೂ ಎರಡು ಸಲ ಹೇಳುವವನು.

ಐದನ್ನು ಕರೆದ. ಗಂಟೆ ಕೇಳಿ ಎತ್ತಿದವನೇ ಆ ನಂಬರಿನವನು ಎಂಬ ನಂಬಿಕೆಯಲ್ಲಿ ಚಲುವನಾರಾಯಣ ನಂಬರು ಬಾಯಲ್ಲಿ ಹೇಳುವ ಗೋಜಿಗೆ ಹೋಗುತ್ತಿರಲಿಲ್ಲ. ಗಂಟೆ ಬಹಳ ಹೊತ್ತು ಹೊಡೆದುಕೊಂಡಿತು. ಆಮೇಲೆ ಯಾರೋ ಎತ್ತಿದರು.

“ಖಾಲಿನಾ?”

“ಕಾಲಿ ಸ್ವಾಮಿ, ಕಾಲಿ.”

ಐದರ ನೀರಗಂಟಿ ತಿಮ್ಮಯ್ಯ ‘ಸ್ವಾಮಿ’ ಎನ್ನುವವನಲ್ಲ. ಅವನು ‘ಸಾರ್’ ಎನ್ನುವವನು, ಒಂದೇ ಸಲ ಹೇಳುವವನು. ಐದಕ್ಕೆ ಹೊಡೆದ ಗಂಟೆ ನಾಲ್ಕರಲ್ಲೂ ಹೊಡೆದಿದೆ, ಎತ್ತಿದವನು ಪುಟ್ಟಮಾದಯ್ಯ, ಇದು ನನಗೆ ಆ ಕ್ಷಣದಲ್ಲೇ ಹೊಳೆಯಿತು. ಇನ್ನೊಂದು ಸಲ ಕರೆಯಿರಿ, ಹೆಸರು ಕೇಳಿ ಎಂದು ಹೇಳಬೇಕಾಗಿತ್ತು. ಹೇಳಿದರೆ ಎಂಜಿನಿಯರು ಯಾಕೆ ಎನ್ನುತ್ತಾರೆ. ನೀನು ಅಲ್ಲಿಗೆ ಹೋಗಿದ್ದೆಯಲ್ಲ, ಸಹಿ ಮಾಡಿದ್ದೀಯಲ್ಲ ಎನ್ನುತ್ತಾರೆ. ತಿಮ್ಮಯ್ಯನಿಗೆ ನೆಗಡಿಯಾಗಿರಬೇಕು ಎಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡೆ, ಎಂಥ ನೀಚ ನಾನು!

ಆರರವನೂ ಖಾಲಿ ಎಂದ. ಚಲುವನಾರಾಯಣ ಮತ್ತೆ ನಾಲ್ಕನ್ನು ಕರೆದು, “ಎತ್ತಯ್ಯ ಬಾಗಿಲು, ಪೂರಾ ಎತ್ತು” ಎಂದ. “ಎತ್ತುದೆ ಸ್ವಾಮಿ, ಎತ್ತುದೆ” ಎಂದು ಉತ್ತರ ಬಂತು. ಎಂಜಿನಿಯರು ಕಾಫಿ ತರಿಸಿದರು. ನಾನೂ ಕುಡಿದೆ.

ಮುಕ್ಕಾಲು ಗಂಟೆಯ ಮೇಲೆ, ನೀರು ಸುರಂಗ ದಾಟಿತೇ ಎಂದು ಕೇಳಲು ಐದನ್ನು ಕರೆದರು. ಗಂಟೆ ಶುರುವಾಗುವುದರೊಳಗೆ ತಿಮ್ಮಯ್ಯನ ದನಿ ಒಡೆದುಕೊಂಡು ಬಂತು.

“ಮುಚ್ಸಿ ಸಾರ್! ಮುಚ್ಸಿ! ಆಗ್ಲಿಂದ ಇದ್ರೊಳೀಕೆ ಕಿರುಚ್ತಾ ಇವ್ನಿ, ಯಾರ್ಗೂ ಕೇಳ್ತಿಲ್ವಲ್ಲಾ! ಸುರಂಗದಾಗೆ ಜನ ಅವ್ರೆ ಸಾರ್! ಹೇಳ್ದೆ ಕೇಳ್ದೆ ನೀರ್ ಯಾಕ್ ಬುಟ್ರಿ?”

ಚಲುವನಾರಾಯಣ ಬಾಯಿ ತೆರೆಯುವ ಮೊದಲೇ ಅದೇ ತಂತಿಯಲ್ಲಿ ಇನ್ನೊಂದು ದನಿ ಬಂತು. ಐದರ ಗಂಟೆಗೆ ನಾಲ್ಕರಲ್ಲೂ ಎತ್ತಿದ್ದರು.

“ಯಾರ್ಲಾ, ತಿಮ್ಮಯ್ಯನಾ? ಏನ್ಲಾ ಆಯ್ತು?”

“ಮಾದಯ್ಯ, ಅನ್ನೊಂದ್ ಜನ ಎದ್ದು ಬಂದ್ರು ಕಣ್ಲಾ. ಮೂರ್ ಜನ ಒಳ್ಗೇ ಉಳ್ಕಂಡ್ರು.”

“ಬೀರಿ?”

“ಮೊದ್ಲು ಬಾಗ್ಲು ಇಳ್ಸ್ಲಾ” ಎಂದ ತಿಮ್ಮಯ್ಯ.

“ಲೇ ತಿಮ್ಮಯ್ಯ, ಬೀರಿ ಎಲ್ಲವ್ಳೆ ಯೋಳ್ಲಾ!”

“ಒಳ್ಗೇ ಕಣ್ಲಾ ಮಾದಯ್ಯ.”

ಎಂಜಿನಿಯರು “ನಾಲ್ಕನ್ನ ಮುಚ್ಚಿಸಿ, ಮುಚ್ಚಿಸಿ!” ಎಂದು ಕೂಗಾಡುತ್ತಿದ್ದರು. ಧ್ವನಿಪೆಟ್ಟಿಗೆಯಲ್ಲಿ ರಿಸೀವರು ಗೋಡೆಗೆ ಬಡಿದು ಬಡಿದು ತೂಗುವ ಶಬ್ದ ಮಾತ್ರ ಕೇಳುತ್ತಿತ್ತು. ಬಾಗಿಲು ಇಳಿಸಲು ಅವನು ಆಗಲೇ ಓಡಿದ್ದ. ತನ್ನ ಕೈಯಾರೆ ಎತ್ತಿದ್ದ ಬಾಗಿಲು.

ಜೀಪಿನಲ್ಲಿ ನನ್ನನ್ನೂ ಕರೆದುಕೊಂಡು ಹೋದರು. ಸುರಂಗದ ಆಚೆ ಬಾಯಿಯ ಹತ್ತಿರ ಜನ ಸೇರಿದ್ದರು. ನೀರು ಇಳಿಯುವುದನ್ನೇ ಕಾಯುತ್ತಿದ್ದರು. ಪುಟ್ಟಮಾದಯ್ಯ ಏರಿಯ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದ, ಅಳುತ್ತಿರಲಿಲ್ಲ. ಪೆಟ್ಟಿಗೆ ನೋಡಿ ಬರುತ್ತೇನೆ ಎಂದು ಎಂಜಿನಿಯರಿಗೆ ಹೇಳಿ ನಾನು ನಾಲ್ಕನೆಯ ತೂಬಿಗೆ ನಡೆದೆ.

ಅಲ್ಲಿ ಯಾರೂ ಇರಲಿಲ್ಲ. ಒಲೆಯ ಮೇಲೆ ಬೆಳಗಿನ ಮಡಕೆ ಹಾಗೇ ಇತ್ತು. ಪೆಟ್ಟಿಗೆಯ ಮುಚ್ಚಳ ಬಿಚ್ಚಿದೆ. ನಾಲ್ಕರ ಪಿನ್ನಿನ ಪಕ್ಕ ಐದರ ಪಿನ್ನು ಹಸಿರುಗಟ್ಟಿಕೊಂಡು ಕೂತಿತ್ತು. ಇಕ್ಕಳ ಹಾಕಿ ಎಳೆದೆ. ಒಂದೇ ಎಳೆತಕ್ಕೆ ಬಂತು. ಅದನ್ನು ಜೇಬಿಗೆ ಹಾಕಿಕೊಂಡು, ಮುಚ್ಚಳ ಬಿಗಿದು, ಬಂದ ದಾರಿಯಲ್ಲೇ ವಾಪಸು ಹೋದೆ. ನಾನು ತಲುಪುವ ಹೊತ್ತಿಗೆ ಬೀರಮ್ಮನನ್ನು ಮೇಲಕ್ಕೆ ತಂದಿದ್ದರು. ಅವಳ ಮುಖದ ತುಂಬ ಹೂಳು ಮೆತ್ತಿಕೊಂಡಿತ್ತು. ತಿಮ್ಮಯ್ಯ ತನ್ನ ಟವಲಿನಿಂದ ಒರೆಸುತ್ತಿದ್ದ.

ಹದಿನೈದು ದಿನದ ಮೇಲೆ ಮದ್ದೂರಿನ ಒಂದು ಬಂಗಲೆಯಲ್ಲಿ ವಿಚಾರಣೆ ನಡೆಯಿತು. ಮೂವರು ಅಧಿಕಾರಿಗಳು ಮೇಜಿನ ಹಿಂದೆ ಕೂತರು. ಚಲುವನಾರಾಯಣ ಸತ್ಯ ಪ್ರಮಾಣವಾಗಿ ಐದರಿಂದ ಉತ್ತರ ಬಂತು ಎಂದ. ಜನರನ್ನು ಹೊರಗೆ ಕರೆಯಲು ಸುರಂಗದ ಬಾಯಿಗೆ ಹೋಗಿದ್ದೆ, ಫೋನಿನ ಹತ್ತಿರ ಇರಲೇ ಇಲ್ಲ ಎಂದ ತಿಮ್ಮಯ್ಯ. ಪುಟ್ಟಮಾದಯ್ಯನನ್ನು ಕರೆದರು.

“ಎಲ್ಡ್ ಸಲ ಗಂಟೆ ಒಡೀತು ಸ್ವಾಮಿ, ಎಲ್ಡ್ ಸಲವೂ ಎತ್ದೆ. ಕಾಲಿನಾ ಅಂದ್ರು, ಕಾಲಿ ಅಂದೆ. ಮೊದ್ಲ್ನೇದು ಸರ್ಯಾಗಿ ಕೇಳುಸ್ನಿಲ್ವೇನೋ, ಅದ್ಕೇ ಇನ್ನೊಂದ್ಸಲ ಕೇಳ್ತಾವ್ರೆ ಅಂದ್ಕಂಡೆ.”

“ನಿನ್ನ ಹೆಂಡತಿ ಸುರಂಗದಲ್ಲಿರೋದು ಗೊತ್ತಿರಲಿಲ್ವಾ?”

“ಗೊತ್ತಿತ್ತು ಸ್ವಾಮಿ. ತಿಮ್ಮಯ್ಯನ್ನ ಕೇಳ್ದೆ ನೀವು ಬಾಗ್ಲು ಎತ್ಸಕಿಲ್ಲ ಅಂತಾನೂ ಗೊತ್ತಿತ್ತು.”

ಅಧಿಕಾರಿ ಕಾಗದದಿಂದ ತಲೆ ಎತ್ತಿದರು. “ಮಂಡ್ಯ ಐದನ್ನು ಕರೆದು ತಿಮ್ಮಯ್ಯನ ಹತ್ತಿರ ಮಾತಾಡ್ತಿದ್ದಾಗ ನೀನು ತಂತಿಯಲ್ಲಿದ್ದೆ. ಆಫೀಸಿನಲ್ಲಿ ಇದ್ದವರೆಲ್ಲ ಕೇಳಿದ್ದಾರೆ. ಕರೆಯದೇ ಇದ್ದಾಗಲೂ ನೀನು ಎತ್ತಿಕೊಂಡು ಕೇಳ್ತೀಯ, ಅಲ್ವಾ?”

ಪುಟ್ಟಮಾದಯ್ಯ ತಲೆ ತಗ್ಗಿಸಿದ. “ಒಂದೊಂದ್ಸಲ ಕೇಳ್ತಿದ್ದೆ ಸ್ವಾಮಿ, ಬ್ಯಾಸರಾದಾಗ. ಅಲ್ಲಿ ಜನ ಇಲ್ಲ. ಮಾತಾಡ್ತಿರ್ನಿಲ್ಲ, ಬರೇ ಕೇಳ್ತಿದ್ದೆ.”

ಅವರಿಗೆ ಅಷ್ಟೇ ಬೇಕಾಗಿತ್ತು. ನನ್ನ ಕಡೆ ತಿರುಗಿದರು. “ಐದನ್ನು ಕರೆದರೆ ನಾಲ್ಕರ ಗಂಟೆ ಹೊಡೆಯಬಹುದೇ?”

“ಇಲ್ಲ” ಎಂದೆ.

“ಪೆಟ್ಟಿಗೆ ಪರೀಕ್ಷೆ ಮಾಡಿದ್ದೀರಾ?”

“ಸ್ಥಳದಲ್ಲೇ ನಿಂತು ಮಾಡಿದ್ದೇನೆ” ಎಂದೆ. ಪೆಟ್ಟಿಗೆ ಬಸ್ಸಿನಲ್ಲಿ ಬಂದದ್ದು ಪುಟ್ಟಮಾದಯ್ಯನಿಗೆ ಗೊತ್ತಿತ್ತು, ಅವನನ್ನು ಯಾರೂ ಕೇಳಲಿಲ್ಲ.

ಮಧ್ಯಾಹ್ನ ಎಲ್ಲರೂ ನಾಲ್ಕನೆಯ ತೂಬಿಗೆ ಹೋದೆವು. ಮಂಡ್ಯದಿಂದ ಐದನ್ನು ಕರೆಸಿದರು. ಪೆಟ್ಟಿಗೆ ಸುಮ್ಮನಿತ್ತು. ಮೂರು ಸಲ ಕರೆಸಿದರು, ಮೂರು ಸಲವೂ ಸುಮ್ಮನಿತ್ತು. ಪುಟ್ಟಮಾದಯ್ಯ ಪೆಟ್ಟಿಗೆಯ ಹತ್ತಿರ ಹೋಗಿ, ಅದರ ಮೇಲೆ ಕೈಯಿಟ್ಟು, ಕಿವಿ ಹಚ್ಚಿ ಕೇಳಿದ. ಆಮೇಲೆ ನನ್ನ ಮುಖ ನೋಡಿದ. ನಾನು ನಾಲೆಯ ಕಡೆ ನೋಡುತ್ತ ನಿಂತೆ.

ಕರೆಯದೆ ಎತ್ತಿದ, ಇನ್ನೊಬ್ಬನ ಸರದಿಯಲ್ಲಿ ಉತ್ತರ ಕೊಟ್ಟ, ಮೂವರ ಸಾವಿಗೆ ಕಾರಣನಾದ ಎಂದು ಬರೆದು ಅವನನ್ನು ಕೆಲಸದಿಂದ ತೆಗೆದರು.

ಕೋಣೆ ಖಾಲಿ ಮಾಡಲು ಅವನಿಗೆ ತಿಂಗಳ ಗಡುವು ಇತ್ತು. ಗಡುವು ಮುಗಿಯಲು ಎರಡು ದಿನ ಇರುವಾಗ ನಾನು ಬಸ್ಸು ಹತ್ತಿದೆ. ಪಿನ್ನು ಜೇಬಿನಲ್ಲಿತ್ತು. ಅದನ್ನು ಅವನ ಕೈಗೆ ಕೊಡಬೇಕು, ನೀನಲ್ಲ ನಾನು ಎಂದು ಹೇಳಬೇಕು, ಆಮೇಲೆ ಅವನು ಏನು ಮಾಡಿದರೂ ಸರಿ ಎಂದು ಗಟ್ಟಿಮಾಡಿಕೊಂಡು ಹೊರಟಿದ್ದೆ. ಬಸ್ಸಿನಿಂದ ಇಳಿದ ಮೇಲೆ ಆ ಒಂದು ಮೈಲಿಯನ್ನು ಬಾಯಲ್ಲಿ ಅದೇ ಮಾತು ಹೇಳಿಕೊಂಡು ನಡೆದೆ.

ಅವನು ಕಂಬಳಿ ಮಡಿಸಿ ಗಂಟು ಕಟ್ಟುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ.

“ಬನ್ನಿ ಸ್ವಾಮಿ. ಬಿಸ್ಲಾಗ್ ಬಂದಿದ್ದೀರಿ. ಮಜ್ಗೆ ಇಲ್ಲ, ಮಾಡೋಳಿಲ್ಲ” ಎಂದು ಚೆಂಬಿನಲ್ಲಿ ನೀರು ತಂದು ಗೋಡೆಯ ಮೇಲಿಟ್ಟ. ಅದೇ ಗೋಡೆ.

ನಾನು ಚೆಂಬು ಎತ್ತಿ ಕುಡಿದೆ, ಪೂರ್ತಿ ಕುಡಿದೆ. ಅವನು ಅದನ್ನೇ ನೋಡುತ್ತಿದ್ದ. ಆಮೇಲೆ ಕೇಳಿದ.

“ನಿಮ್ನ ಒಂದ್ ಮಾತು ಕೇಳ್ಬೇಕು ಅಂತಿದ್ದೆ ಸ್ವಾಮಿ. ಕೆಲಸದ್ ಮಾತಲ್ಲ, ಅದು ಓಯ್ತು ಬುಡಿ. ಈ ಪೆಟ್ಗೆ ಇಸ್ಯ ನಿಮ್ಗೊಬ್ರಿಗೇ ಗೊತ್ತಿರಾದು. ಅವತ್ತು ಎಲ್ಡ್ನೇ ಸಲ ಗಂಟೆ ಒಡ್ದಿದ್ದು ನಿಜವಾ? ರಾತ್ರೆಲ್ಲಾ ಅದೇ ಯೋಚ್ನೆ. ಒಡ್ದಿದ್ರೆ ನಾನು ಕರುದ್ದಕ್ಕೆ ಓಗೊಟ್ಟೆ. ಒಡೀದೆ ಇದ್ರೆ, ಬೀರೀನ ನಾನೇ ಕೊಂದೆ. ನೀವು ಯೋಳುದ್ರೆ ನಂಬ್ತೀನಿ.”

ಕೈ ಜೇಬಿನೊಳಗಿತ್ತು. ಪಿನ್ನು ಬೆರಳಿಗೆ ಚುಚ್ಚುತ್ತಿತ್ತು. ಕೆಲಸ, ಗುತ್ತಲಿನ ಮನೆ, ಪೊಲೀಸು, ಎಂಜಿನಿಯರ ಮುಖ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು.

“ಇಲ್ಲ ಪುಟ್ಟಮಾದಯ್ಯ, ಹೊಡೆದಿಲ್ಲ. ಹೊಡೆಯೋದು ಸಾಧ್ಯವಿಲ್ಲ” ಎಂದೆ.

ಅವನು ನಿಧಾನವಾಗಿ ತಲೆಯಾಡಿಸಿದ. ಸಿಟ್ಟಾಗಲಿಲ್ಲ. ಹೆಗಲ ಟವಲು ತೆಗೆದು ಒಂದು ಸಲ ಮುಖ ಒರೆಸಿಕೊಂಡ. “ಅಂಗಾದ್ರೆ ನಾನೇಯ” ಎಂದು, ಖಾಲಿ ಚೆಂಬನ್ನು ತೆಗೆದುಕೊಂಡು ಗಂಟಿನೊಳಗೆ ಇಟ್ಟು ಬಿಗಿದು ಕಟ್ಟಿದ.

ರಸ್ತೆಗೆ ಬಂದು ಕೈಮರದ ಹತ್ತಿರ ನಿಂತೆ. ಮಳವಳ್ಳಿಯಿಂದ ಬಂದ ಬಸ್ಸಿನ ಮೆಟ್ಟಿಲ ಮೇಲೆ ಕೆಂಪಯ್ಯ ನಿಂತಿದ್ದ. ನನ್ನನ್ನು ನೋಡಿ ನಕ್ಕು ಕೈ ಚಾಚಿದ.

“ಇವತ್ತೇನು ಸ್ವಾಮಿ, ನೀವೇ ಬಂದ್ಬುಟ್ಟಿದ್ದೀರಿ? ಪೆಟ್ಗೆ ಕೊಟ್ ಕಳ್ಸಿದ್ರೆ ನಾನೇ ತಲುಪುಸ್ತಿದ್ನಲ್ಲ.”